ವ್ಯಾಸಪೀಠದ ಮೇಲಿನ ಲ್ಯಾಪ್‌ಟಾಪ್

ಸವದತ್ತಿ ಬಸ್‌ಸ್ಟ್ಯಾಂಡಿನ ಎದುರು ಒಂದು ಲೈಟಿನ ಕಂಬವಿದೆ. ಊರಲ್ಲಿ ಯಾರು ತೀರಿಕೊಂಡರೂ ಶ್ರದ್ಧಾಂಜಲಿಯ ಫ್ಲೆಕ್ಸ್ ಮೊದಲು ಏರುವುದು ಆ ಕಂಬಕ್ಕೆ. ಶಾಲೆ ಬಿಟ್ಟ ಮೇಲೆ ಉಗರಗೋಳದ ಬಸ್ಸಿಗೆ ಕಾಯುವಾಗ ನಾನು ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ. ನೋಡಿದರೆ ಗುರುತಿನವರೇ ಇದ್ದುಬಿಟ್ಟಾರು ಎಂಬ ಅಂಜಿಕೆ. ಹೋದ ವಾರ ಫ್ಲೆಕ್ಸಿನ ಒಂದು ಮೂಲೆ ಕಿತ್ತು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ತಿರುಗಿ ನೋಡಿದೆ. ಗುರುತಿನವರೇ ಇದ್ದರು.

ಎಲ್ಲರೂ ಅವರನ್ನು ಆಚಾರ್ರು ಅನ್ನುತ್ತಿದ್ದರು. ಫ್ಲೆಕ್ಸಿನ ಮೇಲೆ ಅವರ ಪೂರ್ತಿ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಅಂಗಡಿಗೆ ಒಂದು ಬೋರ್ಡು ಕೂಡ ಹಾಕದೆ ಬದುಕಿದವರು ಅವರು, ಹಾಗಾಗಿ ನಾನೂ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಫೋಟೋದಲ್ಲಿ ಅವರು ನಗುತ್ತಿದ್ದರು. ಅದೊಂದು ನನಗೆ ಸರಿ ಕಾಣಲಿಲ್ಲ. ಅವರು ನಕ್ಕದ್ದನ್ನು ನಾನು ಕಂಡದ್ದು ಒಂದೇ ಸಲ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ಅದನ್ನು ಬಿಟ್ಟು ಅವರ ಮಾತು ಆಡಲು ನನಗೆ ಬರುವುದಿಲ್ಲ. ನಾನು ಅಂಜುಬುರುಕಿ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಪಾಠದ ನಡುವೆ ಮಾತು ನಿಲ್ಲಿಸುವವಳು. ಉತ್ತರಪತ್ರಿಕೆಯ ಕಟ್ಟನ್ನು ಮೂರು ಸಲ ಎಣಿಸಿ, ನಾಲ್ಕನೆಯ ಸಲ ಎಣಿಸಲಿಲ್ಲವಲ್ಲ ಎಂದು ಕೊರಗುವವಳು. ಗಂಡನ ಕೆಲಸ ರಾಮದುರ್ಗದ ಕಡೆ, ಮನೆಗೆ ಬರುವುದು ವಾರಕ್ಕೊಮ್ಮೆ. ಉಳಿದ ದಿನ ಮನೆಯಲ್ಲಿ ನಾನು, ನನ್ನ ಅತ್ತೆ. ಅತ್ತೆ ಅನ್ನುತ್ತಾರೆ, "ನಿನ್ನ ಜೀವ ಗೂಟಕ್ಕ ಕಟ್ಟಿದ ಕರಾ ಇದ್ದಂಗ ನೋಡವಾ. ದಿನಾ ಸುತ್ತತೈತಿ, ಎಲ್ಲೂ ಹೋಗೂದಿಲ್ಲ."

ಇಂಥವಳಿಗೆ ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಹುಚ್ಚು ಹಿಡಿಯಿತು. ವಿಷಯ, ಎತ್ತುಗಳ ಹೆಸರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಕಡೆಯ ರೈತರು ತಮ್ಮ ಎತ್ತುಗಳನ್ನು ಏನೆಂದು ಕರೆಯುತ್ತಿದ್ದರು, ಹೇಗೆ ಕರೆಯುತ್ತಿದ್ದರು, ಯಾಕೆ ಆ ಹೆಸರು. ಸ್ಟಾಫ್ ರೂಮಿನಲ್ಲಿ ನನ್ನನ್ನು ಎತ್ತಿನ ಅಕ್ಕೋರು, ಅಂದರೆ ಎತ್ತಿನ ಟೀಚರು, ಎಂದು ಕಾಡಿಸಿದರು. ಕಾಡಿಸಲಿ ಬಿಡಿ. ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದವು, ಎತ್ತು ಕಟ್ಟಿದ ಮುದುಕರು ಇನ್ನೂ ಇದ್ದರು. ರಜೆಯಲ್ಲೆಲ್ಲ ಬಸ್ಸು ಹಿಡಿದು ಊರೂರು ತಿರುಗಿ ಅವರ ಧ್ವನಿಯನ್ನು ರೆಕಾರ್ಡ್ ಮಾಡಿದೆ. ಕೊಟ್ಟಿಗೆ ಖಾಲಿಯಾಗಿ ಎಷ್ಟೋ ವರ್ಷವಾದ ಮುದುಕರು, ಎತ್ತು ಎದುರಿಗೇ ನಿಂತಂತೆ ಕೈ ಎತ್ತಿ ಕೂಗುತ್ತಿದ್ದರು. ಮೊದಲ ರೆಕಾರ್ಡಿಂಗು ನನ್ನ ಮಾವನದೇ. ಅವರು ತಮ್ಮ ಜೋಡಿ ಎತ್ತು ಚಂದ್ರ್ಯಾ, ಸೋಮ್ಯಾ ಇವನ್ನು ಕರೆದದ್ದು. ಅದಾಗಿ ಎರಡೇ ತಿಂಗಳಲ್ಲಿ ಮಾವ ತೀರಿಕೊಂಡರು.

ಈ ಎಲ್ಲ ಧ್ವನಿಯೂ ಇದ್ದದ್ದು ಒಂದೇ ಲ್ಯಾಪ್‌ಟಾಪಿನಲ್ಲಿ. ಬೇರೆ ಪ್ರತಿ ಇರಲಿಲ್ಲ. ರೆಕಾರ್ಡರಿನ ಕಾರ್ಡು ಒಂದೇ ಇದ್ದದ್ದರಿಂದ ಪ್ರತಿ ಸಲ ಅಳಿಸಿ ಅಳಿಸಿ ಮತ್ತೆ ಬಳಸಿದ್ದೆ. ಇಂಟರ್ನೆಟ್ಟಿನಲ್ಲಿ ಇಡು ಎಂದು ಗಂಡ ಹೇಳಿದ್ದರು, ಯಾರಾದರೂ ಕದ್ದು ತಮ್ಮ ಪ್ರಬಂಧದಲ್ಲಿ ಹಾಕಿಕೊಂಡಾರು ಎಂದು ನಾನೇ ಇಡಲಿಲ್ಲ. ಅಂಜುಬುರುಕರ ಬುದ್ಧಿ ಹೀಗೇ. ಕಳ್ಳನಿಗೆ ಅಂಜಿ ಕಿಟಕಿ ಮುಚ್ಚುತ್ತೇವೆ, ಒಳಗೆ ಒಲೆಯ ಹೊಗೆಯಲ್ಲಿ ಕೆಮ್ಮುತ್ತ ಕೂರುತ್ತೇವೆ.

ಪ್ರಬಂಧ ಒಪ್ಪಿಸುವ ಗಡುವು ಎರಡು ಸಲ ಮುಂದೆ ಹೋಗಿತ್ತು. ಮೂರನೆಯ ಸಲ ಹೋಗುವುದಿಲ್ಲ ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂದ ವಾರವೇ ಆ ನೀಲಿ ಪರದೆ ಶುರುವಾಯಿತು. ನಾನು ನಸುಕಿನಲ್ಲೆದ್ದು ಶಾಲೆಗೆ ಹೋಗುವ ತನಕ ಬರೆಯುತ್ತಿದ್ದೆ. ಒಂದು ಮುಂಜಾನೆ ವಾಕ್ಯದ ನಡುವೆ ಪರದೆ ಇಡೀ ನೀಲಿಯಾಯಿತು. ಮೇಲೆ ಮೋರೆ ಜೋತುಬಿಟ್ಟ ಒಂದು ಗುರುತು, ಕೆಳಗೆ ಇಂಗ್ಲಿಷಿನ ದೊಡ್ಡಕ್ಷರದ ಒಂದು ಸಾಲು. ತಾನಾಗಿಯೇ ಆರಿ ಮತ್ತೆ ಹೊತ್ತಿಕೊಂಡಿತು. ಮೊದಲ ವಾರ ಒಂದು ಸಲ, ಎರಡನೆಯ ವಾರ ಮೂರು ಸಲ, ಆಮೇಲೆ ಲೆಕ್ಕವಿಲ್ಲ. ಪೆನ್‌ಡ್ರೈವಿಗೆ ರೆಕಾರ್ಡಿಂಗುಗಳನ್ನು ತುಂಬಿಕೊಳ್ಳಲು ಹೋದೆ. ಅರ್ಧಕ್ಕೆ ನೀಲಿ. ಬಂದ ಅರ್ಧವನ್ನು ಹಚ್ಚಿ ಕೇಳಿದರೆ ಮುದುಕರ ಧ್ವನಿಯ ನಡುವೆ ಜಲ್ಲಿ ಸುರಿದ ಹಾಗೆ ಕರಕರ. ಆವತ್ತು ಶಾಲೆಯಲ್ಲಿ ಏನು ಪಾಠ ಮಾಡಿದೆನೋ ಮಕ್ಕಳನ್ನೇ ಕೇಳಬೇಕು.

ಧಾರವಾಡದ ಒಂದು ಅಂಗಡಿಗೆ ಒಯ್ದೆ. ಅಲ್ಲಿಯವರು ಎರಡು ನಿಮಿಷ ನೋಡಿ, "ಫಾರ್ಮ್ಯಾಟ್ ಮಾಡಬೇಕ್ರಿ, ಒಳಗಿಂದು ಎಲ್ಲಾ ಹೋಗತೈತಿ" ಎಂದರು. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಚ್ಚಿ ತೆಗೆಯಬಹುದಲ್ಲ ಎಂದರೆ, ಅದಕ್ಕೆ ಕೀಲಿ ಬಿದ್ದಿದೆ, ಕೀಲಿಯ ಉದ್ದನೆಯ ಸಂಖ್ಯೆ ಎಲ್ಲಿ ಎಂದು ನನ್ನನ್ನೇ ಕೇಳಿದರು. ಅಂಥದ್ದೊಂದು ಇರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ಗಡುವಿಗೆ ಮೂರು ವಾರ ಉಳಿದಿತ್ತು.

ನಮ್ಮ ಶಾಲೆಯ ಗಣಿತದ ಮಾಸ್ತರರು, "ಆಚಾರ್ರ ಕಡೆ ಹೋಗ್ರಿ. ಬೈಸ್ಕೊಳ್ಳಾಕ ತಯಾರಾಗಿ ಹೋಗ್ರಿ" ಎಂದರು.

ಅಂಗಡಿ ಎಂದರೆ ಪೇಟೆಯ ಓಣಿಯೊಂದರಲ್ಲಿ ಒಂದು ಕೋಣೆ. ಪುರಾಣ ಪ್ರವಚನದ ಮನೆತನ ಅವರದು. ಅಣ್ಣಂದಿರು ಪೂಜೆ ಪೌರೋಹಿತ್ಯಕ್ಕೆ ಹೋದರೆ ಇವರು ರೇಡಿಯೋ ಬಿಚ್ಚಿದರು, ಆಮೇಲೆ ಟೇಪ್ ರೆಕಾರ್ಡರು, ಟೀವಿ, ಈಗ ಕಂಪ್ಯೂಟರು. ಗೋಡೆಗೆ ಒಂದು ಕ್ಯಾಲೆಂಡರು ಬಿಟ್ಟರೆ ದೇವರಿರಲಿಲ್ಲ. ಮೇಜಿನ ಮೇಲೆ ಮಾತ್ರ ಅವರ ತಂದೆಯ ವ್ಯಾಸಪೀಠವಿತ್ತು. ಗ್ರಂಥ ಇಟ್ಟು ಓದುವ ಮರದ ಮಡಚು ಪೀಠ. ಅದರ ಮೇಲೆ ಬಿಚ್ಚಿದ ಲ್ಯಾಪ್‌ಟಾಪು. ಅಣ್ಣಂದಿರು ಇದನ್ನು ಕಂಡು ಹೌಹಾರಿದ್ದರಂತೆ. ಇವರು ಹೇಳಿದ್ದು ಇಷ್ಟೇ, "ಕೆಳಗ ಗಾಳಿ ಆಡಬೇಕು. ಗ್ರಂಥಕ್ಕೂ ಗಾಳಿ ಬೇಕು, ಇದಕ್ಕೂ ಬೇಕು."

ಮಷೀನಿನ ಸ್ಕ್ರೂಗಳನ್ನು ಅವರು ಇಡುತ್ತಿದ್ದದ್ದು ಒಗ್ಗರಣೆ ಡಬ್ಬಿಯಲ್ಲಿ. ಸಾಸಿವೆಯ ಬಟ್ಟಲಲ್ಲಿ ಸಣ್ಣವು, ಜೀರಿಗೆಯ ಬಟ್ಟಲಲ್ಲಿ ಉದ್ದನೆಯವು. ಚಹಾ ಬಂದರೆ ಲೋಟ ಹಿಡಿದು ಹೊಸ್ತಿಲ ಹೊರಗೆ ನಿಂತು ಕುಡಿದು, ಕೈ ತೊಳೆದು ಬರುತ್ತಿದ್ದರು. ಒಬ್ಬ ಗಿರಾಕಿ ಟೀವಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಾಗ, "ಅದಕ್ಕ ಸಿಟ್ಟು ಬರಂಗಿಲ್ರೀ. ನಿಮಗ ಬಿಪಿ ಬರತದ" ಎಂದರು. ಮಷೀನು ಹೋಯಿತು ಎಂದು ಯಾರಾದರೂ ಅಂದರೆ ಮುಖ ಗಂಟಿಕ್ಕುತ್ತಿದ್ದರು. "ಹೋತು ಅನಬ್ಯಾಡ್ರಿ. ಮಲಗೇದ ಅನ್ರಿ."

ನಾನು ಹೋದ ದಿನ ನನಗಿಂತ ಮುಂಚೆ ಸುರೇಬಾನದ ಒಬ್ಬ ರೈತ ಮೊಬೈಲು ಹಿಡಿದು ಕೂತಿದ್ದ. ಆಚಾರ್ರು ಅವನಿಗೆ ಪ್ರಶ್ನೆ ಕೇಳುತ್ತಿದ್ದರು. ಮೊದಲು ಕೆಟ್ಟದ್ದು ಯಾವ ದಿನ, ಯಾವ ಹೊತ್ತು, ಆಗ ಎಲ್ಲಿ ಕೂತಿದ್ದೆ, ಜೊತೆಗೆ ಯಾರಿದ್ದರು. ಆತ ಉತ್ತರ ಕೊಟ್ಟು ಕೊಟ್ಟು ಕಡೆಗೆ ಕೈಮುಗಿದು, "ಹಂಗ ನನ್ನ ಮಗಳ ಮದವಿ ಯಾವಾಗ ಕೂಡಿ ಬರತೈತಿ ಅದನ್ನೂ ನೋಡಿ ಹೇಳ್ರಿ ಆಚಾರ್ರ" ಎಂದ.

"ಅದು ನನ್ನ ಕಡೆ ರಿಪೇರಿ ಆಗಂಗಿಲ್ಲೋ ತಮ್ಮಾ" ಎಂದು ಅವರು ಮೊಬೈಲಿನ ಬೆನ್ನು ಬಿಚ್ಚಿದರು.

ನನ್ನ ಸರದಿ ಬಂತು. ಲ್ಯಾಪ್‌ಟಾಪನ್ನು ವ್ಯಾಸಪೀಠದ ಮೇಲಿಟ್ಟು ಹಚ್ಚಿದರು. ಅದಕ್ಕೆ ಕಿವಿ ಹಚ್ಚಿ ಕೇಳಿದರು. ಏನೇನೋ ಪರೀಕ್ಷೆ ಹಚ್ಚಿದರು, ಎಲ್ಲದರಲ್ಲೂ ಅದು ಪಾಸಾಯಿತು. ಅರ್ಧ ತಾಸು ನನ್ನ ಲ್ಯಾಪ್‌ಟಾಪಿನಷ್ಟು ಸಂಭಾವಿತ ಮಷೀನು ಇಡೀ ತಾಲೂಕಿನಲ್ಲಿ ಇರಲಿಲ್ಲ. ರೆಕಾರ್ಡಿಂಗುಗಳನ್ನು ತುಂಬಿಕೊಳ್ಳಲು ಹಚ್ಚಿದ ಕೂಡಲೇ ನೀಲಿಯಾಯಿತು. ನಾನು ಕಿರುಚಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಬಿಚ್ಚಬೇಕ್ರೀ ಅಕ್ಕೋರ."

"ಬ್ಯಾಡ್ರಿ" ಎಂದೆ. ಬಿಚ್ಚುವಾಗ ಕೈ ತಪ್ಪಿದರೆ? ಧಾರವಾಡದಲ್ಲಿ ಕೇಳಿದ ಮಾತು ಕಿವಿಯಲ್ಲೇ ಇತ್ತು. ಇಲ್ಲಿ ಬಿಟ್ಟು ಹೋಗಿ ಎಂದರು, ಅದಕ್ಕೂ ಒಪ್ಪಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ನೋಡುತ್ತಿದ್ದರು, ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಅಂಥದ್ದೇನಿದೆ ಇದರಲ್ಲಿ ಎಂದು ಕೇಳಿದರು. ಎತ್ತುಗಳ ಹೆಸರು ಎಂದೆ. ಬೈಲಹೊಂಗಲದ ಕಡೆಯ ಒಬ್ಬರು ತಮ್ಮ ಜೋಡಿಗೆ ಫೌಜದಾರ, ಹವಾಲ್ದಾರ ಎಂದು ಹೆಸರಿಟ್ಟು, ಹೊಲದಲ್ಲಿ ದಿನಾ ಬೆಳಗ್ಗೆ ಇಬ್ಬರಿಗೂ ಚಾಬೂಕು ತೋರಿಸುತ್ತಿದ್ದದ್ದನ್ನು ಹೇಳಿದೆ. ಆವಾಗ ನಕ್ಕರು. ಕನ್ನಡಕ ಮೇಜಿನ ಮೇಲಿಟ್ಟು, ಭುಜ ಕುಣಿಸಿ, ಸದ್ದಿಲ್ಲದೆ ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಎತ್ತು ಎಲ್ಲಿ ಉಳದಾವ್ರೀ ಈಗ. ಉಳದಿದ್ರ ಇದರೊಳಗ ಉಳದಿರಬೇಕು" ಎಂದರು.

ಆಮೇಲೆ ಮೇಜಿನ ಖಾನೆಯಿಂದ ಮಕ್ಕಳು ಬರೆಯುವ ನಲವತ್ತು ಹಾಳೆಯ ನೋಟುಬುಕ್ಕು ತೆಗೆದರು. ಅದು ಅವರ ಪದ್ಧತಿ. ಎಂಟು ದಿನ ಬರೆದು ತರಬೇಕು. ಯಾವಾಗ ನೀಲಿಯಾಯಿತು, ಏನು ಮಾಡುತ್ತಿದ್ದೆ, ಚಾರ್ಜರು ಹಚ್ಚಿತ್ತೋ ಇಲ್ಲವೋ, ಎಲ್ಲಿ ಇಟ್ಟಿತ್ತು, ಆ ದೊಡ್ಡಕ್ಷರದ ಸಾಲಿನಲ್ಲಿ ಏನಿತ್ತು.

"ಎಂಟು ದಿನಾ?" ಎಂದೆ. "ನನಗ ಇರೂದ ಮೂರು ವಾರ ಆಚಾರ್ರ!"

"ಅವಸರದಾಗ ಕಿತ್ತ ಮುಳ್ಳು ಅರ್ಧಾ ಒಳಗ ಉಳೀತದ್ರೀ. ಹೋಗಿ ಬರ್ರಿ."

ಆ ಮಾತು ಅವರಿಗೆ ಎಲ್ಲಿಂದ ಬಂತು ಎಂದು ಎರಡನೆಯ ಭೇಟಿಯಲ್ಲಿ ತಿಳಿಯಿತು, ಅವರೇ ಹೇಳಿದರು. ಹಿಂದೊಮ್ಮೆ ಬೈಲಹೊಂಗಲದ ಒಬ್ಬ ಫೋಟೋಗ್ರಾಫರನ ಕಂಪ್ಯೂಟರನ್ನು ಗಡಿಬಿಡಿಯಲ್ಲಿ ರಿಪೇರಿ ಮಾಡಲು ಹೋಗಿ ಒಂದು ಮದುವೆಯ ಫೋಟೋ ಎಲ್ಲ ಅಳಿಸಿಹಾಕಿದ್ದರು. ಮದುಮಗಳ ಮನೆಗೆ ತಾವೇ ಹೋಗಿ ಅಂಗಳದಲ್ಲಿ ನಿಂತು ತಪ್ಪೊಪ್ಪಿಕೊಂಡರು. ಆ ಮನೆಯವರು ಬೈದರು. ಮದುಮಗಳು ಮಾತ್ರ ಬೈಯಲಿಲ್ಲ. ತನ್ನ ಅಜ್ಜನ ಕೊನೆಯ ಫೋಟೋ ಅದರಲ್ಲಿತ್ತು ಎಂದಳಂತೆ. "ಬೈದವರ ಮಾರಿ ಯಾವದೂ ನೆನಪಿಲ್ಲ ನನಗ. ಆಕಿದು ಅದ" ಎಂದರು ಆಚಾರ್ರು. ನನ್ನ ನೋಟುಬುಕ್ಕು ಆಗ ಅವರ ಕೈಯಲ್ಲೇ ಇತ್ತು.

ಆ ಎಂಟು ದಿನ ನಾನು ಅನುಭವಿಸಿದ್ದನ್ನು ಹೇಳಿದರೆ ಯಾರಾದರೂ ನಗುತ್ತಾರೆ. ಲ್ಯಾಪ್‌ಟಾಪು ತೆರೆಯುವ ಮೊದಲು ಕಣ್ಣು ಮುಚ್ಚಿ ಕೂರುತ್ತಿದ್ದೆ. ಒಂದು ಸಾಲು ಬರೆದು ಸೇವ್, ಮತ್ತೊಂದು ಸಾಲು ಬರೆದು ಸೇವ್. ಅದರ ಫ್ಯಾನು ಜೋರಾದರೆ ಕೀಲಿಮಣೆಯಿಂದ ಕೈ ತೆಗೆದುಬಿಡುತ್ತಿದ್ದೆ. ಅತ್ತೆ ಹತ್ತಿರ ಬಂದರೆ, "ಮುಟ್ಟಬ್ಯಾಡ್ರಿ, ಅಲ್ಲೇ ನಿಂದರ್ರಿ" ಎಂದು ಸಿಡಿಯುತ್ತಿದ್ದೆ. ಕಸ ಹೊಡೆಯುವ ಹೆಣ್ಣುಮಗಳಿಗೆ ಆ ಕೋಣೆಗೆ ಬರಬೇಡ ಎಂದೆ. ಗಂಡ ಭಾನುವಾರ ಬಂದಾಗ ಅವರು ಕುರ್ಚಿ ಸರಿಸಿದ ಸದ್ದಿಗೇ ಕೂಗಾಡಿದೆ. ಅಂಜಿಕೆ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎಂದು ಯಾರು ಹೇಳಿದರೋ ಏನೋ, ನನ್ನನ್ನಂತೂ ಜಗಳಗಂಟಿ ಮಾಡಿತ್ತು. ನೀಲಿಯಾದಾಗೆಲ್ಲ ನೋಟುಬುಕ್ಕಿನಲ್ಲಿ ಬರೆದೆ. ಒಂದು ದಿನ ಬರೆಯುತ್ತ ಬರೆಯುತ್ತ ಅತ್ತುಬಿಟ್ಟೆ. ಹಾಳೆಯ ಮೇಲೆ ಶಾಯಿ ಹರಡಿತು, ಅದಕ್ಕೂ ಅಂಜಿದೆ, ಆಚಾರ್ರು ಬೈದಾರು ಎಂದು.

ಒಂಬತ್ತನೆಯ ದಿನ ನೋಟುಬುಕ್ಕು ಒಯ್ದೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ನಾನು ನಮ್ಮ ಮಕ್ಕಳ ಹಾಗೆ ಕೈಕಟ್ಟಿ ಕೂತಿದ್ದೆ.

"ಸಾಫ್ಟ್‌ವೇರಿನ ದೋಷ ಇದ್ರ ಆ ಇಂಗ್ಲಿಷ್ ಸಾಲು ದಿನಾ ಒಂದೇ ಹೆಸರು ಹೇಳತಿತ್ರೀ" ಎಂದರು. "ಇದು ದಿನಾ ಒಂದೊಂದು ಬ್ಯಾರೆ ಹೆಸರು ಹೇಳಲಿಕತ್ತದ. ಅಂದ್ರ ಒಳಗ ಎಲ್ಲೋ ಕೈಕಾಲಿಗೆ ಏನೋ ತಟ್ಟೇದ."

ಆಮೇಲೆ ವಾರಗಳ ಹೆಸರಿನ ಮೇಲೆ ಬೆರಳು ನಿಂತಿತು. ಮಂಗಳವಾರ ಐದು ಸಲ. ಬುಧವಾರ, ಗುರುವಾರ ಎರಡೆರಡು. ಶುಕ್ರವಾರ ಏಳು. ಸೋಮವಾರ ಒಂದೇ ಸಲ. ಮುಂದಿನ ಮಂಗಳವಾರದ್ದನ್ನು ಬರೆಯಲು ಜಾಗ ಸಾಲದೆ ಅಂಚಿನಲ್ಲಿ ಬರೆದಿದ್ದೆ. ನನಗೆ ಅದು ಕಂಡಿರಲೇ ಇಲ್ಲ. ಅವರು ತಲೆ ಎತ್ತಿದರು.

"ನಿಮ್ಮೂರು ಉಗರಗೋಳ ಅಲ್ಲೇನ್ರೀ? ಗುಡ್ಡದ ಬುಡಕ?"

"ಹೌದ್ರಿ."

"ಮನ್ಯಾಗ ಹಿರೇರು ಯಾರ ಇದ್ದಾರ?"

"ನಮ್ಮತ್ತಿ ಅದಾರ್ರಿ. ಯಾಕ್ರಿ?"

ಅವರು ನೋಟುಬುಕ್ಕು ಮುಚ್ಚಿ ಖಾನೆಯಲ್ಲಿಟ್ಟು, "ನಾಳೆ ನಿಮ್ಮ ಮನೀಗೆ ಬರತೀನಿ" ಎಂದರು. ಅವರು ಯಾರ ಮನೆಗೂ ಹೋಗುವವರಲ್ಲ ಎಂದು ಗಣಿತದ ಮಾಸ್ತರರು ಹೇಳಿದ್ದು ನೆನಪಾಗಿ ನನ್ನ ಅಂಜಿಕೆ ಇಮ್ಮಡಿಯಾಯಿತು. ಡಾಕ್ಟರು ತಾವಾಗಿ ಮನೆಗೆ ಬರುತ್ತೇನೆ ಎಂದರೆ ರೋಗಿಯ ಮನೆಯವರಿಗೆ ಆಗುತ್ತದಲ್ಲ, ಹಾಗೆ.

ಮರುದಿನ ಶಾಲೆಗೆ ರಜೆ ಹಾಕಿದೆ. ಅವರು ಒಂಬತ್ತರ ಬಸ್ಸಿಗೆ ಬಂದರು, ಬಗಲಲ್ಲಿ ಪಂಜೆಯಲ್ಲಿ ಸುತ್ತಿದ ವ್ಯಾಸಪೀಠ, ಕೈಯಲ್ಲಿ ಚೀಲ. ಅತ್ತೆ ನೀರು ಕೊಟ್ಟರು. ಅವರು ನನ್ನ ಕೋಣೆಗೆ ಹೋಗಿ ಮೇಜನ್ನು, ಅದರ ಮೇಲೆ ಹಾಸಿದ ಬಟ್ಟೆಯನ್ನು, ಲ್ಯಾಪ್‌ಟಾಪನ್ನು ನೋಡಿದರು, ಯಾವುದನ್ನೂ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕೋರ, ಇವತ್ತ ಬಿಚ್ಚತೀನಿ. ಹೂಂ ಅನ್ರಿ" ಎಂದರು.

ಗಡುವಿಗೆ ಹನ್ನೊಂದು ದಿನ ಉಳಿದಿತ್ತು. ಹೂಂ ಎಂದೆ.

"ಮತ್ತ ನೀವು ಹೊರಗ ಹೋಗ್ರಿ. ಎರಡು ತಾಸು ಬರಬ್ಯಾಡ್ರಿ. ನಿಮ್ಮ ಉಸಿರು ಕೇಳಿಸಿದ್ರ ನನ್ನ ಕೈ ನಡಗತಾವ."

ನನ್ನನ್ನು ನನ್ನ ಮನೆಯಿಂದಲೇ ಹೊರಗೆ ಹಾಕಿದರು. ಅತ್ತೆ ಇರಲಿ ಎಂದರು, ನಾನಿರುವುದು ಬೇಡ. ಓಣಿಯಲ್ಲಿ ಎಷ್ಟು ಹೊತ್ತು ನಿಲ್ಲುವುದು? ಗುಡ್ಡದ ದಾರಿಯ ಬಳೆ ಅಂಗಡಿಗಳ ತನಕ ಹೋಗಿ ಬಂದೆ, ಮತ್ತೆ ಹೋದೆ. ಒಬ್ಬ ಅಂಗಡಿಯವ ಬಳೆ ಬೇಕೇನ್ರಿ ಎಂದು ಎರಡು ಸಲ ಕೇಳಿದ. ಮೂರನೆಯ ಸಲ ಕುಡಿಯಲು ನೀರು ಕೊಟ್ಟ. ಎಲ್ಲ ಹೋಯಿತು ಎಂದರೆ ಏನು ಮಾಡುವುದು, ಆ ಮುದುಕರಲ್ಲಿ ಎಷ್ಟು ಜನ ಈಗ ಉಳಿದಿದ್ದಾರೆ, ಮತ್ತೆ ಯಾರ ಮುಂದೆ ಹೋಗಿ ಕೂರುವುದು, ಮಾವನನ್ನು ಎಲ್ಲಿಂದ ತರುವುದು ಎಂದು ಒಂದೇ ಸಮನೆ ಅದನ್ನೇ ಯೋಚಿಸಿದೆ. ಎರಡು ತಾಸಿಗೆ ಹತ್ತು ನಿಮಿಷ ಇರುವಾಗಲೇ ಮನೆಗೆ ಓಡಿ ಬಂದೆ.

ಲ್ಯಾಪ್‌ಟಾಪು ವ್ಯಾಸಪೀಠದ ಮೇಲೆ ಕೂತಿತ್ತು. ಅವರು ತಂದ ಡಿಸ್ಕಿಗೆ ರೆಕಾರ್ಡಿಂಗುಗಳು ಇಳಿಯುತ್ತಿದ್ದವು. ಅರ್ಧ ದಾಟಿತು, ಮುಕ್ಕಾಲು ದಾಟಿತು. ನಾನು ಸೆರಗಿನ ತುದಿ ಕಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಪೂರ್ತಿಯಾಯಿತು. ಆಚಾರ್ರು ನಡುವಿನ ಒಂದೆರಡನ್ನು ತೆರೆದು ಕೇಳಿಸಿದರು. ಕರಕರ ಇಲ್ಲ. ಅದೇ ಮುದುಕರು, ಅದೇ ಧ್ವನಿ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅತ್ತೆ ಒಳಗೆ ಹೋದರು, ಚಹಾಕ್ಕೆ ಇರಬೇಕು ಎಂದುಕೊಂಡೆ.

"ಏನಾಗಿತ್ರಿ?"

"ಧೂಳ್ರಿ. ಕೆಳಗಿನ ಜಾಳಗಿಯಿಂದ ಫ್ಯಾನು ಒಳಗ ಎಳಕೊಂಡಿತ್ತು. ಮೆಮರಿ ಪಟ್ಟಿಯ ಹಲ್ಲಿಗೆ ಹತ್ತಿತ್ತು. ರಬ್ಬರಿನಿಂದ ತಿಕ್ಕೀನಿ." ಮಕ್ಕಳು ಅಕ್ಷರ ಅಳಿಸುವ ಬಿಳಿ ರಬ್ಬರನ್ನು ತೋರಿಸಿದರು. ನಾಲ್ಕು ವರ್ಷದ ದುಡಿಮೆ, ಒಂದು ತಿಂಗಳ ಸಂಕಟ, ಅದಕ್ಕೆ ಔಷಧ ಒಂದು ರಬ್ಬರು.

"ಮತ್ತ ಮಂಗಳವಾರ, ಶುಕ್ರವಾರ?"

ಅವರು ಸ್ಕ್ರೂ ಡಬ್ಬಿಯ ಮುಚ್ಚಳ ಒತ್ತುತ್ತ, "ಸುಮ್ಮನ ಹಂಗ ಕೂಡಿ ಬಂದಿರಬೇಕ್ರೀ" ಎಂದರು. ಎಂಟು ದಿನ ಬರೆಯಿಸಿದ ಮನುಷ್ಯ ಸುಮ್ಮನೆ ಎಂಬ ಮಾತು ಆಡಿದ್ದು ನನಗೆ ವಿಚಿತ್ರ ಕಂಡಿತು. ಆದರೆ ಜೀವ ಬಂದಿತ್ತಲ್ಲ, 'ಬದುಕಿದೆಯಾ ಬಡಜೀವವೇ' ಎಂದು ಕೆದಕಲಿಲ್ಲ. ಬಟ್ಟೆಯ ಮೇಲೆ ಇಡಬೇಡಿ, ಎರಡು ಕಟ್ಟಿಗೆ ತುಂಡಿನ ಮೇಲೆ ಇಡಿ, ಪ್ರತಿ ಎರಡು ಕಡೆ ಇರಲಿ ಎಂದು ಹೇಳಿ ಅವರು ಹನ್ನೆರಡರ ಬಸ್ಸಿಗೆ ಹೋದರು. ಆಮೇಲೆ ಅದು ಒಂದು ಸಲವೂ ನೀಲಿಯಾಗಲಿಲ್ಲ.

ಪ್ರಬಂಧ ಗಡುವಿಗೆ ಒಂದು ದಿನ ಮೊದಲು ಹೋಯಿತು. ಪದವಿ ಬಂದಾಗ ಒಂದು ಪ್ರತಿ ಹಿಡಿದು ಅವರ ಅಂಗಡಿಗೆ ಹೋದೆ. ಕೈ ತೊಳೆದು ಬಂದು, ವ್ಯಾಸಪೀಠದ ಮೇಲಿದ್ದ ಕಂಪ್ಯೂಟರನ್ನು ಸರಿಸಿ, ಅದರ ಮೇಲೆ ನನ್ನ ಪುಸ್ತಕವಿಟ್ಟು ಹಾಳೆ ತಿರುವಿದರು. ಹೊಗಳುತ್ತಾರೆ ಎಂದು ಕಾದೆ. "ಅಚ್ಚಿನ ತಪ್ಪು ಭಾಳ ಅವ" ಎಂದರು. ಆಮೇಲೆ, "ನಿಮ್ಮತ್ತಿಯವರು ಆರಾಮ ಇದ್ದಾರ?" ಎಂದು ಕೇಳಿದರು. ಅದಾದ ಮೇಲೆ ಪೇಟೆಯಲ್ಲಿ ಎಲ್ಲಿ ಸಿಕ್ಕರೂ ಇದನ್ನೇ ಕೇಳುತ್ತಿದ್ದರು. ಲ್ಯಾಪ್‌ಟಾಪನ್ನು ಕೇಳುತ್ತಿರಲಿಲ್ಲ, ನನ್ನನ್ನು ಕೇಳುತ್ತಿರಲಿಲ್ಲ, ಅತ್ತೆಯನ್ನು ಕೇಳುತ್ತಿದ್ದರು. ಹಳೆಯ ಕಾಲದವರು, ಹಿರಿಯರನ್ನು ವಿಚಾರಿಸುವ ರೂಢಿ ಎಂದುಕೊಂಡಿದ್ದೆ. ಹೀಗೆ ಮೂರು ವರ್ಷ ಆಯಿತು.

ಫ್ಲೆಕ್ಸು ನೋಡಿದ ದಿನ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದೆ. ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಕೈ ನಿಂತಿತು.

"ನಿನಗೊಂದ ಮಾತ ಹೇಳಬೇಕಿತ್ತು" ಎಂದರು. "ನಿನ್ನ ಮಶೀನ ಕೆಡಸಿದಾಕಿ ನಾ."

ನನಗೆ ಅರ್ಥವಾಗಲಿಲ್ಲ. ಅವರು ತಲೆ ಎತ್ತದೆ ಹೇಳಿದರು. ಮಂಗಳವಾರ, ಶುಕ್ರವಾರ ಎಲ್ಲಮ್ಮನ ವಾರ. ಆ ದಿನ ನಸುಕಿನಲ್ಲಿ ಮೈ ತೊಳೆದು ದೇವರಮನೆಯ ಜಗಲಿಗೆ ಹೂ ಏರಿಸಿದ ಮೇಲೆ, ನಾನು ಏಳುವ ಮೊದಲು, ಎಲ್ಲಮ್ಮನ ಗುಡ್ಡದಿಂದ ತಂದ ಭಂಡಾರವನ್ನು ನನ್ನ ಲ್ಯಾಪ್‌ಟಾಪಿನ ಅಡಿಗೆ ಇಡುತ್ತಿದ್ದರು. ಎಲ್ಲಮ್ಮನ ಅರಿಷಿಣದ ಪುಡಿ. ನಮ್ಮ ಊರಲ್ಲಿ ಹೊಸ್ತಿಲು, ಗೋಡೆ, ಬಟ್ಟೆ ಎಲ್ಲಕ್ಕೂ ಅದರ ಬಣ್ಣ, ನನ್ನ ಮೇಜಿನ ಬಟ್ಟೆಯ ಮೇಲೆ ಬಿದ್ದಿದ್ದರೂ ನನ್ನ ಗಮನಕ್ಕೆ ಬಂದಿರಲಿಲ್ಲ. ಮೊದಲು ಒಂದು ಚಿಟಿಕೆ. ಮಷೀನು ಕೆಡುತ್ತಿದೆ ಎಂದು ನಾನು ಅಳತೊಡಗಿದ ಮೇಲೆ ಒಂದು ಮುಷ್ಟಿ.

"ಅವ್ವ ಕಾಯ್ಲಿ ಅಂತ ಇಟ್ಟೆವಾ. ನೀ ಅಳತಿದ್ದಿ, ನಾ ಇನ್ನಷ್ಟ ಇಡತಿದ್ದೆ. ಆಚಾರ್ರು ಬಂದ ದಿನಾ ಮಶೀನ ಬಿಚ್ಚಿದ್ರ ಒಳಗೆಲ್ಲಾ ಹಳದಿ. ನನ್ನ ಎದಿ ಒಡೀತು. ಅವರು ಕುಂಚಲೇ ಬಳದು ಬಳದು, ಒಂದ ಕಣ ನೆಲಕ್ಕ ಬೀಳಗೊಡಲಿಲ್ಲ. ಕಾಗದದಾಗ ಕಟ್ಟಿ, ಕಣ್ಣಿಗೆ ಒತ್ತಿಕೊಂಡ ನನ್ನ ಕೈಯಾಗ ಕೊಟ್ರು. ಅಮ್ಮಾರ, ಇದು ಜಗಲಿ ಮ್ಯಾಲ ಇರಲಿ ಅಂದ್ರು. ನನ್ನ ಸೊಸಿಗೆ ಹೇಳಬ್ಯಾಡ್ರಿ ಅಂದೆ. ನಾ ಹೇಳಂಗಿಲ್ಲ, ನಿಮಗ ಹೇಳಬೇಕ ಅನಿಸಿದ ದಿನಾ ನೀವ ಹೇಳ್ರಿ ಅಂದ್ರು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬರಲು ಸಮಯವೂ ಇರಲಿಲ್ಲ, ಅತ್ತೆ ಇನ್ನೂ ಮುಗಿಸಿರಲಿಲ್ಲ.

"ಆಮ್ಯಾಲ ಧ್ವನಿ ಸರಿ ಬರತೈತೋ ಇಲ್ಲೋ ಅಂತ ಮೊದಲಿಂದು ಹಚ್ಚಿದ್ರು. ನಿಮ್ಮ ಮಾವಾರ ಧ್ವನಿ ಬಂತು. ಚಂದ್ರ್ಯಾ, ಬಾ ಮಗನ, ಸೋಮ್ಯಾನ ಕರಕೊಂಡ ಬಾ ಅಂತ. ಹೊಲದಾಗಿಂದ ಕರದಂಗ. ನಾ ಗ್ವಾಡಿಗೆ ಆತಕೊಂಡ ಕುಂತೆ. ಯಾರ್ರೀ ಇವರು ಅಂದ್ರು. ನಮ್ಮವರು ಅಂದೆ. ಆಚಾರ್ರು ಮತ್ತೊಮ್ಮೆ ಹಚ್ಚಿದ್ರು. ನಮ್ಮವರು ಹ್ವಾದಮ್ಯಾಲ ಆ ಧ್ವನಿ ನಾ ಕೇಳಿದ್ದ ಆ ಎರಡ ಸಲ."

ಮಾವ ತೀರಿಕೊಂಡು ಏಳು ವರ್ಷವಾಗಿತ್ತು. ಆ ರೆಕಾರ್ಡಿಂಗನ್ನು ನಾನು ನೂರಾರು ಸಲ ಕೇಳಿದ್ದೆ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಒಂದೊಂದು ಅಕ್ಷರ ಬರೆದುಕೊಳ್ಳುತ್ತ. ಪಕ್ಕದ ಕೋಣೆಯಲ್ಲಿ ಅವರ ಹೆಂಡತಿ ಇದ್ದರು.

"ನನ್ನ ಯಾಕ ಕೇಳಲಿಲ್ರಿ ಅತ್ತಿ?"

"ಕೇಳಬೇಕಂತಿದ್ದೆವಾ. ನೀ ಮುಟ್ಟಬ್ಯಾಡ್ರಿ ಅಂತಿದ್ದಿ" ಎಂದರು. ಅದರಲ್ಲಿ ದೂರು ಇರಲಿಲ್ಲ. ಅದೇ ನನಗೆ ತಡೆದುಕೊಳ್ಳಲು ಆಗಲಿಲ್ಲ.

ಒಳಗೆ ಹೋಗಿ ಲ್ಯಾಪ್‌ಟಾಪು ತಂದೆ. ಮೊರ ಸರಿಸಿ, ಅದನ್ನು ಅವರ ತೊಡೆಯ ಮೇಲಿಟ್ಟು, ಮೊದಲ ರೆಕಾರ್ಡಿಂಗನ್ನು ತೆರೆದೆ. ಶೇಂಗಾ ಸಿಪ್ಪೆಯ ಪುಡಿ ಹತ್ತಿದ ಅವರ ಬೆರಳು ಹಿಡಿದು ಎಲ್ಲಿ ಒತ್ತಬೇಕು ಎಂದು ತೋರಿಸಿದೆ. ಅತ್ತೆ ಬೆರಳು ಹಿಂದಕ್ಕೆ ಎಳೆದುಕೊಂಡರು.

"ನನ್ನ ಕೈಯಾಗ ಮತ್ತ ಕೆಟ್ಟ ಗಿಟ್ಟರ?"

"ಕೆಟ್ಟರ ಕೆಡ್ಲಿ ಬಿಡ್ರಿ ಅತ್ತಿ" ಎಂದೆ. "ಒತ್ರಿ."